ಇನ್ನೂ ಬಾರದ ಆಟ

ಮನೆಯ ಹುಡುಗರು ತಮ್ಮತಮ್ಮೊಳಗೆ ಏನು ಮಾತಾಡಿಕೊಳ್ಳುವರೆಂಬದನ್ನು ಹಿರಿಯರು ಕಿವಿಗೊಟ್ಟು ಕೇಳುವದು ಅಪರೂಪವು. ನಾವೂ ಈ ತಪ್ಪಿಗೆ ಹೊರತಾದವರಲ್ಲ. ಕಳೆದ ದೀಪಾವಳಿಯ ರಜೆಯಲ್ಲಿ ಬೀದರಿನ ನಮ್ಮ ಮನೆಗೆ ಭಾಲ್ಕಿಯಿಂದ ಅಕ್ಕನ ಮಗನೂ ಔರಾದಿನಿಂದ ತಂಗಿಯ ಮಗನೂ ಬಂದಿದ್ದರು. ನಮ್ಮ ಮಗನೂ ಸೇರಿ ಮೂವರು ಪಡಸಾಲೆಯಲ್ಲಿ ಕುಳಿತು, ಊಟಕ್ಕೆ ಕರೆದರೂ ಏಳದೆ, ಒಂದು ಆಟದ ವಿಷಯವಾಗಿ ವಾದಿಸುತ್ತಿದ್ದರು. ಆ ಆಟವನ್ನು ಮೂವರಲ್ಲಿ ಒಬ್ಬನೂ ಆಡಿರಲಿಲ್ಲ. ಆಡುವದಾದರೂ ಹೇಗೆ? ಅದು ಇನ್ನೂ ಬಿಡುಗಡೆಯೇ ಆಗಿಲ್ಲವಂತೆ!

ಇಲ್ಲದ ವಸ್ತುವಿಗಾಗಿ ಇಷ್ಟು ಕಲಹವೇ ಎಂದು ಮೊದಲು ನಮಗೆ ನಗೆ ಬಂದಿತು. ಆದರೂ ಅಂದು ಪಕ್ಕದಲ್ಲಿಯೇ ಕುಳಿತು ಕೇಳಿದೆವು. ವಾಚಕರಿಗೂ ಅದನ್ನು ತಿಳಿಸುವದು ಯೋಗ್ಯವೆಂದು ತೋರುತ್ತದೆ.

ಈ ಜಾತಿಯ ಆಟಕ್ಕೆ ಹುಡುಗರು 'ಆಕ್ಷನ್ ಆರ್‌ಪಿಜಿ' ಎನ್ನುವರು. ನಮ್ಮ ದೊಡ್ಡಾಟದಲ್ಲಿ ವೇಷಧಾರಿಯು ಕುಣಿಯುವನು, ನಾವು ನೋಡುವೆವು. ಇಲ್ಲಿಯಾದರೋ ನೋಡುವವನೇ ವೇಷ ತೊಟ್ಟು, ಕಾದಾಡಿ, ಯಾರನ್ನು ಉಳಿಸಬೇಕು ಯಾರನ್ನು ಬಿಡಬೇಕೆಂದು ತಾನೇ ನಿರ್ಣಯಿಸಿ ಕಥೆಯನ್ನು ಮುಂದೊಯ್ಯುವನು. ಹುಡುಗರು ಕಾಯುತ್ತಿರುವದು 'ದಿ ವಿಚರ್ ೪' ಎಂಬದನ್ನು. ಪೋಲೆಂಡ್ ದೇಶದ ಲೇಖಕ ಆಂಜೆ ಸಾಪ್ಕೋವ್‌ಸ್ಕಿಯವರ ಕಥೆಗಳನ್ನು ಆಧರಿಸಿ, ಅದೇ ದೇಶದ ಸಿಡಿ ಪ್ರಾಜೆಕ್ಟ್ ಸಂಸ್ಥೆಯು ಈ ಮಾಲೆಯ ಮೊದಲ ಆಟವನ್ನು ೨೦೦೭ರಲ್ಲಿಯೂ ಮೂರನೆಯದನ್ನು ೨೦೧೫ರಲ್ಲಿಯೂ ಹೊರತಂದಿತು. ನಾಲ್ಕನೆಯದರ ಮುಖ್ಯ ಪಾತ್ರವು ಸಿರಿ ಎಂಬ ತರುಣಿಯೆಂದು ೨೦೨೪ರ ಡಿಸೆಂಬರಿನಲ್ಲಿ ಒಂದು ಚಿತ್ರ ತೋರಿಸಿ ಸಾರಿತು. ೨೦೨೬ ಮುಗಿಯುವದಕ್ಕೆ ಮೊದಲು ಆಟವು ಬಾರದೆಂದು ೨೦೨೫ರಲ್ಲಿ ಸಂಸ್ಥೆಯೇ ತಿಳಿಸಿತು.

ಇಷ್ಟೇ ಆಧಾರದ ಮೇಲೆ ಹುಡುಗರು ಕಟ್ಟಿದ ಮಾಳಿಗೆಗಳನ್ನು ನೋಡಬೇಕು! ಕಥೆಯಲ್ಲಿ ಸಿರಿಯು ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಜಿಗಿಯಬಲ್ಲವಳು. ಆ ಶಕ್ತಿಯು ಆಟದಲ್ಲಿ ಆಡುವವನ ಕೈಗೆ ಬರುವದೇ ಎಂದು ಭಾಲ್ಕಿಯವನ ಪ್ರಶ್ನೆ. ಮೂರನೆಯ ಆಟದಲ್ಲಿದ್ದ ಎಲೆಯಾಟವು ಮರಳಿ ಬರಲೇಬೇಕೆಂದು ನಮ್ಮವನ ಹಟ. ೨೦೨೫ರ ಜೂನಿನಲ್ಲಿ ತೋರಿಸಿದ ಪ್ರದರ್ಶನದಲ್ಲಿ ಕುದುರೆಯ ಚರ್ಮದ ಕೆಳಗೆ ಸ್ನಾಯುಗಳು ಅಲುಗಾಡಿದ್ದನ್ನೂ ಪೇಟೆಯಲ್ಲಿ ನೂರಾರು ಜನ ತಿರುಗಾಡಿದ್ದನ್ನೂ ಔರಾದಿನವನು ವರ್ಣಿಸಿ, "ಅಮರೇಶ್ವರ ಜಾತ್ರಿ ಇದ್ದಂಗ ಇತ್ರಿ ಮಾಮಾ" ಎಂದನು. ಆದರೆ ಅದು ಯಂತ್ರದ ಸಾಮರ್ಥ್ಯ ತೋರಿಸುವ ಪ್ರದರ್ಶನವೇ ಹೊರತು ಆಟದ ತುಣುಕಲ್ಲವೆಂದು ಸಂಸ್ಥೆಯು ಹೇಳಿತ್ತೆಂಬದನ್ನು ಭಾಲ್ಕಿಯವನು ಕೂಡಲೇ ನೆನಪಿಸಿದನು.

ಇಂಥ ಊಹೆಯೆಲ್ಲ ವ್ಯರ್ಥವೆಂದು ನಾವು ಹೇಳಲಾರೆವು. ೨೦೨೨ರ ಮಾರ್ಚಿನಲ್ಲಿ ಇದೇ ಸಂಸ್ಥೆಯು ಹಿಮದಲ್ಲಿ ಹೂತ ಒಂದು ಪದಕದ ಚಿತ್ರವನ್ನು ಮಾತ್ರ ಪ್ರಕಟಿಸಿತ್ತು. ಅದರ ಮೇಲಿರುವದು ಬೆಕ್ಕೋ ಮತ್ತಾವ ಮೃಗವೋ ಎಂದು ಅಭಿಮಾನಿಗಳು ಕಿವಿಯ ಆಕಾರವನ್ನು ಹಿಗ್ಗಿಸಿ ನೋಡಿ, ಅದು ಲಿಂಕ್ಸ್ ಎಂಬ ಕಾಡುಬೆಕ್ಕೆಂದು ವಾದಿಸಿದರು. ಸಂಸ್ಥೆಯು ಆಮೇಲೆ ಹೌದೆಂದಿತು. ಕಣ್ಣಿಟ್ಟು ನೋಡಿ, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವದು ವಿದ್ಯೆಯ ಒಂದು ಅಂಗವೇ ಸರಿ.

ಪರಂತು ಆಸೆಯನ್ನು ವಾಗ್ದಾನವೆಂದು ಭ್ರಮಿಸಿದರೆ ಕಷ್ಟ. ಇದೇ ಸಂಸ್ಥೆಯ 'ಸೈಬರ್‌ಪಂಕ್ ೨೦೭೭' ಎಂಬ ಆಟವು ಇದಕ್ಕೆ ಸಾಕ್ಷಿ. ೨೦೧೨ರಲ್ಲಿ ಸಾರಲ್ಪಟ್ಟು, ಮೂರು ಸಲ ದಿನ ಮುಂದೂಡಲ್ಪಟ್ಟು, ೨೦೨೦ರ ಡಿಸೆಂಬರ್ ೧೦ರಂದು ಅದು ಹೊರಬಂದಿತು. ಅಷ್ಟರಲ್ಲಿ ೮೦ ಲಕ್ಷ ಪ್ರತಿಗಳಿಗೆ ಜನರು ಮುಂಚಿತವಾಗಿಯೇ ಬೇಡಿಕೆ ಸಲ್ಲಿಸಿದ್ದರು. ೨೦೧೮ರಲ್ಲಿ ತೋರಿಸಿದ್ದ ಗೋಡೆಯ ಮೇಲೆ ಓಡುವ ಚಮತ್ಕಾರವು ಅದರಲ್ಲಿರಲಿಲ್ಲ. ಹಳೆಯ ಯಂತ್ರಗಳಲ್ಲಿ ಆಟವು ಹೆಜ್ಜೆಹೆಜ್ಜೆಗೆ ಮುಗ್ಗರಿಸಿದ್ದರಿಂದ ಸೋನಿ ಸಂಸ್ಥೆಯು ಒಂದು ವಾರದಲ್ಲಿಯೇ ಅದನ್ನು ತನ್ನ ಮಾರಾಟದಿಂದ ತೆಗೆದು, ಕೊಂಡವರಿಗೆ ಹಣ ಹಿಂದಿರುಗಿಸಲು ಒಪ್ಪಿತು. ಚಿತ್ರದಲ್ಲಿ ಕಂಡಿದ್ದ ಮೆಟ್ರೋ ರೈಲನ್ನು ಹತ್ತಲು ಆಡುವವರು ೨೦೨೩ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಕಲಬುರಗಿಯ ರೈಲಿಗಾಗಿ ೨೦೧೭ರ ಅಕ್ಟೋಬರಿನವರೆಗೆ ವರ್ಷಗಟ್ಟಲೆ ಕಾದ ಬೀದರಿನವರಾದ ನಮಗೆ ಅವರ ಸಂಕಟವು ಅರ್ಥವಾಗದಿರದು. ಆದರೆ ನಾವು ಹಳಿ ಹಾಕುವ ಮೊದಲೇ ಟಿಕೀಟು ಕೊಂಡಿರಲಿಲ್ಲ!

ಈ ಮಾತನ್ನು ನಾವು ನಗುತ್ತ ಹೇಳಿದಾಗ ಇಬ್ಬರು ನಕ್ಕರು. ಔರಾದಿನವನು ಮಾತ್ರ ಮುಖ ತಗ್ಗಿಸಿದನು. ರಾತ್ರಿ ಉಳಿದವರು ಮಲಗಿದ ಮೇಲೆ ನಮ್ಮ ಬಳಿಗೆ ಬಂದು, "ರೊಕ್ಕ ಹೋಯ್ತ್ರಿ ಮಾಮಾ. ಅವ್ವಗ ಹೇಳಬ್ಯಾಡ್ರಿ" ಎಂದು ಅತ್ತನು. ವಿಚಾರಿಸಲಾಗಿ ತಿಳಿದದ್ದಿಷ್ಟು: ಆಟವನ್ನು ಎಲ್ಲರಿಗಿಂತ ಮೊದಲು ಪರೀಕ್ಷಾರ್ಥವಾಗಿ ಆಡಲು ಕೊಡುವೆವೆಂದು ಅವನ ಫೋನಿಗೆ ಒಂದು ಸಂದೇಶ ಬಂದಿತ್ತು. ತಾಯಿಯು ಹಾಲು ಮಾರಿ ಕೂಡಿಸಿ, ಪರೀಕ್ಷೆಯ ಶುಲ್ಕಕ್ಕೆಂದು ಕೊಟ್ಟಿದ್ದ ೨,೦೦೦ ರೂಪಾಯಿಗಳನ್ನು ಅವನು ಕಳುಹಿಸಿದ್ದನು. ಆ ಮೇಲೆ ಸಂದೇಶವೂ ಇಲ್ಲ, ಆಟವೂ ಇಲ್ಲ.

ಈ ಮೋಸವು ಹೊಸದಲ್ಲ. ೨೦೨೦ರಲ್ಲಿ 'ಸೈಬರ್‌ಪಂಕ್' ಬರುವ ಮುನ್ನವೂ ಇಂಥ ಸುಳ್ಳು ಆಮಂತ್ರಣಗಳು ಹರಡಿ, ಅಂಥ ಪರೀಕ್ಷೆಯೇ ಇಲ್ಲವೆಂದು ಸಂಸ್ಥೆಯು ಎಚ್ಚರಿಸಬೇಕಾಗಿತ್ತು. ಆ ರಾತ್ರಿಯೇ ನಾವು ೧೯೩೦ ಎಂಬ ಸರ್ಕಾರದ ಸೈಬರ್ ವಂಚನೆಯ ದೂರವಾಣಿಗೆ ದೂರು ಕೊಟ್ಟೆವು. ವಾಚಕರು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಲಿ. ಹಣ ಹೋದ ಕೂಡಲೆ ತಿಳಿಸಿದರೆ ಅದನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಂಭವವುಂಟು. ನಮ್ಮ ಹುಡುಗನು ಹದಿನೆಂಟು ದಿನ ಬಾಯಿ ಬಿಟ್ಟಿರಲಿಲ್ಲವಾದ್ದರಿಂದ ಆ ಹಣವು ಈವರೆಗೆ ಮರಳಿಲ್ಲ.

ಹದಿನೆಂಟು ದಿನ ಏಕೆ ಸುಮ್ಮನಿದ್ದೆಯೆಂದು ಕೇಳಿದೆವು. "ಆಟದ ಮಾತ ತೆಗದ್ರ ಎಲ್ಲಾರೂ ಬೈತಾರ್ರೀ" ಎಂದನು. ಈ ಉತ್ತರವು ನಮಗೆ ಚುಚ್ಚಿತು. ಈ ಆಟದ ಹೆಸರು ಕೇಳಿದೊಡನೆ ಹುಬ್ಬು ಗಂಟಿಕ್ಕಿದವರಲ್ಲಿ ನಾವೂ ಒಬ್ಬರು. ಅವನ ಮಾತಿಗೆ ಕಿವಿಗೊಟ್ಟವನು ಆ ವಂಚಕನೊಬ್ಬನೇ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಹುಡುಗರ ಊಹಾಪೋಹಕ್ಕೆ ಒಮ್ಮೆ ಕಿವಿಗೊಡಿರಿ. ಆಟದ ಬಗ್ಗೆ ಅವರು ಏನು ಹೇಳಿದರೂ, ಅದು ತಯಾರಿಸಿದವರು ಹೇಳಿದ್ದೋ, ಚಿತ್ರದಲ್ಲಿ ಕಂಡದ್ದೋ, ತಾವು ಬಯಸಿದ್ದೋ ಎಂದು ಕೇಳಿರಿ. ಊಹಿಸುವದಕ್ಕೆ ಕಾಸು ಬೇಡ, ಎಷ್ಟಾದರೂ ಊಹಿಸಲಿ. ಹಣವನ್ನು ಮಾತ್ರ ವಸ್ತುವು ಬಂದು, ನಾಲ್ಕು ಜನ ಆಡಿ ನೋಡಿದ ಮೇಲೆ ಕೊಡಲಿ.

ಹುಡುಗನು ಔರಾದಿಗೆ ಮರಳಿ ತಾನೇ ತಾಯಿಗೆ ಎಲ್ಲವನ್ನೂ ಹೇಳಿದನು. ಬೈಗಳು ತಪ್ಪಲಿಲ್ಲ. ಶುಲ್ಕಕ್ಕೆ ನಾವು ಹಣ ಕಳುಹಿಸಿದೆವು. ತಂಗಿಯು ಅದನ್ನು ಸಾಲವೆಂದೇ ಬರೆದಿಟ್ಟುಕೊಂಡಿದ್ದಾಳೆ. ಬೈದು ಮುಗಿದ ಮೇಲೆ ಅವಳು ಮಗನನ್ನು ಕೇಳಿದಳಂತೆ: "ಅಲ್ಲೋ, ಆ ಹುಡುಗಿ ಕುದುರಿ ಮ್ಯಾಲ ಎಲ್ಲಿಗೆ ಹೊಂಟಾಳ?"