ಕೆಂಪು ದೀಪ ಉರಿದರೆ ರೂಟರನ್ನು ಬೈಯಬೇಡಿ

ಫೋನಿನಲ್ಲಿ ವೈಫೈ ಗೆರೆ ಪೂರ್ತಿ ಇದೆ, ಇಂಟರ್‌ನೆಟ್ ಮಾತ್ರ ಇಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮನೆಗೆ ಫೈಬರ್ ಹಾಕಿಸಿಕೊಂಡ ನಮಗೆಲ್ಲ ಗೊತ್ತಿರುವ ಕಾಟ ಇದು. ತಕ್ಷಣ ರೂಟರ್ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಕೋಣೆಕೋಣೆಗೂ ಸಿಗ್ನಲ್ ಸಿಗಲೆಂದು ಮೆಶ್ ಡಬ್ಬಿ ಕೂಡಿಸಿದವರು ಇನ್ನೊಂದು ಡಬ್ಬಿ ತರಲು ಹೊರಡುತ್ತಾರೆ.

ಆ ಗೆರೆ ಹೇಳುವುದು ಫೋನಿಗೂ ಡಬ್ಬಿಗೂ ಇರುವ ನಂಟನ್ನಷ್ಟೇ. ಹೊರಗಿನ ಸಂಗತಿ ಬೇಕಾದರೆ ಫೈಬರ್ ಬಂದು ಸೇರುವ ಮೋಡೆಮ್‌ನಲ್ಲಿ ‘ಎಲ್‌ಒಎಸ್’ ದೀಪ ನೋಡಿ. ಅದು ಕೆಂಪಗಿದ್ದರೆ ಫೈಬರಿನ ಬೆಳಕು ಮೋಡೆಮ್‌ಗೆ ತಲುಪುತ್ತಿಲ್ಲ. ಎಷ್ಟು ಸಲ ಆಫ್ ಆನ್ ಮಾಡಿದರೂ ತುಂಡಾದ ಫೈಬರ್ ಕೂಡುವುದಿಲ್ಲ, ದೂರು ಕೊಡಿ. ಕೆಂಪಿಲ್ಲದಿದ್ದರೆ ಮೊದಲು ಮೋಡೆಮ್, ಅದು ಪೂರ್ತಿ ಆನ್ ಆದ ಮೇಲೆ ಮೆಶ್ ಡಬ್ಬಿ ಆಫ್ ಆನ್ ಮಾಡಿ. ರೀಸೆಟ್ ಗುಂಡಿ ಒತ್ತಬೇಡಿ, ಸೆಟ್ಟಿಂಗ್ ಅಳಿಸಿಹೋಗುತ್ತದೆ.

ರಸ್ತೆಗೋ ನೀರಿನ ಪೈಪಿಗೋ ಜೆಸಿಬಿ ಅಗೆದಲ್ಲಿ ಫೈಬರ್ ತುಂಡಾದರೆ ಊರಿನ ಅರ್ಜಿ, ಪಾಠ, ಹಣ ಪಾವತಿ ಎಲ್ಲ ನಿಲ್ಲುತ್ತದೆ. ಅಗೆಯುವ ಮುನ್ನ ಕೇಬಲ್‌ನವರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅದರಲ್ಲಿ ತಿಳಿಸದೆ ಯಾರೂ ಗುಂಡಿ ತೋಡದಂತೆ ಪಂಚಾಯಿತಿ ನೋಡಿಕೊಳ್ಳಬೇಕು. ಮುಂದಿನ ಗ್ರಾಮಸಭೆಯಲ್ಲಿ ನಾವೇ ಎದ್ದು ಕೇಳೋಣ.