ರಾತ್ರಿಗೆ ಸಾವಿರದ ಇನ್ನೂರು

ಭೂತಾನ್ ಟ್ರಿಪ್ಪಿನ ಮಾತು ಬಂದಾಗೆಲ್ಲ ಆಫೀಸಿನಲ್ಲಿ ಮೊದಲು ಕೇಳಿಬರೋ ದೂರು ಒಂದೇ. 'ರಾತ್ರಿಗೆ ತಲಾ 1,200 ರೂಪಾಯಿ ಸುಮ್ನೆ ಕಿತ್ಕೋತಾರೆ ಗುರೂ. ರೂಮಿಗಲ್ಲ, ಊಟಕ್ಕಲ್ಲ, ಬರೀ ಅಲ್ಲಿ ಇದ್ದಿದ್ದಕ್ಕೆ!' ಹೀಗೆ ಹೇಳೋರು ಇಂದಿರಾನಗರದ ಒಂದು ಭಾನುವಾರದ ಬ್ರಂಚಿಗೆ ಅದಕ್ಕಿಂತ ಜಾಸ್ತಿ ಕೊಟ್ಟು, ಬಿಲ್ಲಿನ ಕಡೆ ಕಣ್ಣೂ ಹಾಯಿಸದೆ ಎದ್ದು ಬರೋರು. ಆ ಶುಲ್ಕ ಸರಿಯಾಗಿಯೇ ಇದೆ ಅನ್ನೋದು ನನ್ನ ವಾದ. ತಪ್ಪಿರೋದು ಅದನ್ನು ಉಳಿಸೋಕೆ ಅಂತ ನಾವು ಹಾಕೋ ಪ್ಲಾನಿನಲ್ಲಿ.

ಹಿಂದೆ ಭಾರತೀಯರಿಗೆ ಈ ಶುಲ್ಕ ಇರಲಿಲ್ಲ. 2020ರಲ್ಲಿ ಕಾನೂನು ಬಂತು, ಕೋವಿಡ್‌ಗೆ ಮುಚ್ಚಿದ್ದ ಗಡಿ 2022ರ ಸೆಪ್ಟೆಂಬರ್ 23ಕ್ಕೆ ತೆರೆದ ಮೇಲೆ ನಿಜವಾಗಿ ಜೇಬಿಗೆ ತಟ್ಟಿತು. ಯುರೋಪು, ಅಮೆರಿಕದವರು ಇವತ್ತು ಅದೇ ರಾತ್ರಿಗೆ 100 ಡಾಲರ್ ಕಟ್ತಾರೆ. ನಮಗಿರೋದು ರಿಯಾಯಿತಿ ದರ. 2019ರಲ್ಲಿ ಆ ದೇಶಕ್ಕೆ ಹೋದ ಪ್ರವಾಸಿಗರು 3 ಲಕ್ಷಕ್ಕೂ ಹೆಚ್ಚು, ಬಹುಪಾಲು ನಾವೇ. ಅಲ್ಲಿನ ಒಟ್ಟು ಜನಸಂಖ್ಯೆ 8 ಲಕ್ಷವೂ ಇಲ್ಲ. ಅದೇ ವರ್ಷ ಡೋಚುಲಾದಲ್ಲಿ ನಮ್ಮ ದೇಶದ ಬೈಕ್ ಸವಾರನೊಬ್ಬ ಏಣಿ ಹಾಕಿಕೊಂಡು ಸ್ತೂಪದ ತಲೆ ಮೇಲೆ ನಿಂತು ಫೋಟೋ ತೆಗೆಸಿಕೊಂಡ. ಅಲ್ಲಿರೋ 108 ಸ್ತೂಪಗಳನ್ನು ಕಟ್ಟಿರೋದು 2003ರ ಕಾರ್ಯಾಚರಣೆಯಲ್ಲಿ ಸತ್ತ ಸೈನಿಕರ ನೆನಪಿಗೆ. ಫೋಟೋ ಭೂತಾನ್ ತುಂಬಾ ಓಡಾಡಿತು. ಇಷ್ಟಾದ ಮೇಲೂ 'ನಮ್ಮನ್ನ ಕಂಡ್ರೆ ಅವರಿಗ್ಯಾಕೆ ಅಸಮಾಧಾನ' ಅಂತ ಕೇಳೋದಕ್ಕೆ ಮುಖ ಬೇಕು.

ಭೂತಾನ್ ದೂರ ಆಯ್ತು, ನಮ್ಮ ಮನೆ ಹಿತ್ತಲನ್ನೇ ನೋಡಿ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯ ಹಾಗೆ ಜನ ಸಾಲುಗಟ್ಟಿ ನಿಂತ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂತು. ಅದಾದ ಮೇಲೇ ಸರ್ಕಾರ ಚಾರಣಕ್ಕೆ ಆನ್‌ಲೈನ್ ಟಿಕೆಟ್ಟು, ದಿನಕ್ಕಿಷ್ಟೇ ಜನ ಅಂತ ಮಾಡಿದ್ದು. ಮುಳ್ಳಯ್ಯನಗಿರಿಗೂ 2025ರಲ್ಲಿ ಮುಂಗಡ ನೋಂದಣಿ ಬಂತು. ಆಗಲೂ ನಮ್ಮವರ ಗೊಣಗಾಟ ಇದೇ ಧಾಟಿ. ಬೆಟ್ಟ ಏನು ಇವರಪ್ಪಂದಾ ಅಂತ.

ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂತಾರಲ್ಲ, ಆ ಮಾತನ್ನ ಬೆಟ್ಟದ ಊರುಗಳಲ್ಲಿ ಅಕ್ಷರಶಃ ತಗೋಬೇಕು. ನಾನು ಮದಲೂರಿನವನು. 2020ರ ಶಿರಾ ಉಪಚುನಾವಣೆ ನೆನಪಿದ್ದವರಿಗೆ ನಮ್ಮೂರ ಹೆಸರು ನೆನಪಿರುತ್ತೆ. ಕೆರೆಗೆ ಹೇಮಾವತಿ ನೀರು ಹರಿಸ್ತೀವಿ ಅನ್ನೋ ಮಾತಿನ ಮೇಲೇ ಇಡೀ ಪ್ರಚಾರ ನಡೆದಿತ್ತು. ಕೆರೆಯೊಂದು ತುಂಬುತ್ತೋ ಇಲ್ಲವೋ ಅನ್ನೋದರ ಮೇಲೆ ಊರಿಗೆ ಊರೇ ಓಟು ಹಾಕೋ ಕಡೆಯಿಂದ ಬಂದವನಿಗೆ, ಹೋಟೆಲಿನಲ್ಲಿ ಎರಡು ಸಲ ಶವರ್ ಬಿಟ್ಟುಕೊಳ್ಳೋ ಅತಿಥಿ ಏನು ಅನ್ನೋದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಮಾಲಯದಲ್ಲಿ ನದಿ ಕೆಳಗೆ ಕಣಿವೆಯಲ್ಲಿ ಭೋರ್ಗರೀತಾ ಇರುತ್ತೆ, ಮೇಲಿನ ಹಳ್ಳಿ ಒಂದು ಒರತೆಯನ್ನು ನಂಬಿ ಕೂತಿರುತ್ತೆ. 2018ರ ಬೇಸಿಗೆಯಲ್ಲಿ ಶಿಮ್ಲಾದಲ್ಲಿ ನಲ್ಲಿಗಳು ಒಣಗಿ, 'ದಯವಿಟ್ಟು ಬರಬೇಡಿ' ಅಂತ ಊರಿನವರೇ ಪ್ರವಾಸಿಗರಿಗೆ ಹೇಳಬೇಕಾಯ್ತು. ಆ ಮಾತು ಹೇಳೋ ಸ್ಥಿತಿ ಬರೋ ಮುಂಚೆಯೇ ಬಾಗಿಲಲ್ಲಿ ಶುಲ್ಕ ಇಡೋದು ಜಾಣತನ.

ಈಗ ನಮ್ಮ ಪ್ಲಾನಿನ ವಿಷಯ. ಎಕ್ಸೆಲ್ ಶೀಟಿನಲ್ಲಿ ನಾಲ್ಕು ರಾತ್ರಿ, ಮೂರು ಊರು, ಎರಡು ಪಾಸು, ಒಂದು ಮಠ. ಇಬ್ಬರು ಹೋಗಿ ಎರಡು ರಾತ್ರಿ ಕಡಿಮೆ ಮಾಡಿದರೆ ಉಳಿಯೋದು 4,800 ರೂಪಾಯಿ. ಅದಕ್ಕೋಸ್ಕರ ಬೆಂಗಳೂರಿಂದ ಬಾಗ್ಡೋಗ್ರಾವರೆಗಿನ ಎರಡೂ ಕಡೆಯ ವಿಮಾನದ ದುಡ್ಡನ್ನು ಹಾಳು ಮಾಡಿಕೊಳ್ತೀವಿ. ಬಾಗ್ಡೋಗ್ರಾದಿಂದ ಗಡಿಯ ಜೈಗಾಂವ್‌ಗೆ ಟೀ ತೋಟಗಳ ನಡುವೆ ನಾಲ್ಕೈದು ಗಂಟೆ. ಗಡಿ ದಾಟಿದರೆ ಫುಂಟ್‌ಶೋಲಿಂಗ್. ಅಲ್ಲಿಂದ ಥಿಂಫುಗೆ ಘಟ್ಟದ ರಸ್ತೆಯಲ್ಲಿ ಇನ್ನೊಂದು ಐದಾರು ಗಂಟೆ. ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ. ನಾಲ್ಕು ರಾತ್ರಿಯ ಟ್ರಿಪ್ಪಿನಲ್ಲಿ ಉಳಿದಿದ್ದೇನು? ಕಾರಿನ ಕಿಟಕಿ.

ಗೂಗಲ್ ಮ್ಯಾಪ್ ತೋರಿಸೋ ಕಿಲೋಮೀಟರನ್ನು ತುಮಕೂರು ಹೈವೇ ಲೆಕ್ಕದಲ್ಲಿ ಭಾಗಿಸಬೇಡಿ. ಥಿಂಫುವಿಂದ ಪುನಾಖಾ 75 ಕಿಲೋಮೀಟರು ಇದ್ದರೆ ಹೆಚ್ಚು, ಡೋಚುಲಾ ಹತ್ತಿ ಇಳಿಯೋದರಲ್ಲಿ ಮೂರು ಗಂಟೆ ಹಿಡಿಯುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಗುಡ್ಡ ಕುಸಿದರೆ ಎಷ್ಟು ಗಂಟೆ ಅನ್ನೋದು ಜೆಸಿಬಿಗೆ ಬಿಟ್ಟಿದ್ದು. ನೇರ ಪಾರೋಗೆ ಹಾರ್ತೀವಿ ಅನ್ನೋರು ಇನ್ನೊಂದು ತಿಳ್ಕೊಳ್ಳಿ. ಅದು ಬೆಟ್ಟಗಳ ಸಂದಿಯ ನಿಲ್ದಾಣ, ಪೈಲಟ್ ಕಣ್ಣಿಂದ ನೋಡಿಕೊಂಡೇ ಇಳಿಸಬೇಕು, ವಿಮಾನ ಹಾರೋದು ಹಗಲಲ್ಲಿ ಮಾತ್ರ. ಮೋಡ ಕವಿದರೆ ಕಾಯಬೇಕು. ಪಾರೋದಿಂದ ಕೋಲ್ಕತ್ತಾಗೆ ಬಂದು ಅದೇ ಸಂಜೆ ಬೆಂಗಳೂರಿನ ವಿಮಾನ, ಮಾರನೇ ದಿನ ಬೆಳಿಗ್ಗೆ ಸ್ಟ್ಯಾಂಡ್-ಅಪ್ ಮೀಟಿಂಗ್ ಅಂತ ಬುಕ್ ಮಾಡೋರಿಗೆ ನಾನು ಹೇಳೋದು, ಪ್ರೊಡಕ್ಷನ್ ರಿಲೀಸನ್ನ ಶುಕ್ರವಾರ ಸಂಜೆ ಇಟ್ಕೊಳ್ತೀರಾ? ಇಲ್ಲ ತಾನೇ. ಮಧ್ಯೆ ಒಂದು ದಿನ ಖಾಲಿ ಬಿಡಿ.

ದೇಹದ ಲೆಕ್ಕವನ್ನಂತೂ ಆ ಶೀಟಿನಲ್ಲಿ ಯಾರೂ ಬರೆಯಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರು. ಪಾರೋ ಊರೇ ಅದಕ್ಕಿಂತ ಮೇಲಿದೆ, 2,200 ದಾಟುತ್ತೆ. ಟೈಗರ್ಸ್ ನೆಸ್ಟ್ ಅಂತ ಎಲ್ಲರ ಪ್ರೊಫೈಲಿನಲ್ಲೂ ಇರೋ ತಕ್ತ್ಸಾಂಗ್ ಮಠ 3,100 ಮೀಟರಿನ ಮೇಲೆ. ಬಂದ ಮಾರನೇ ದಿನವೇ ಅದನ್ನು ಹತ್ತಿಸೋ ಪ್ಯಾಕೇಜುಗಳಿವೆ. ದುಡ್ಡು ಕೊಟ್ಟು ಏದುಸಿರು ಬಿಡೋದು ಅಂದ್ರೆ ಇದೇ. ಮೊದಲೆರಡು ರಾತ್ರಿ ಥಿಂಫು, ಆಮೇಲೆ ಕೆಳಗಿನ ಪುನಾಖಾ, ಕೊನೆಗೆ ಪಾರೋ, ಹೊರಡೋ ಹಿಂದಿನ ದಿನ ತಕ್ತ್ಸಾಂಗ್. ಆರು ರಾತ್ರಿಯಾದರೂ ಬೇಕು. ತಯಾರಿಗೆ ಜಿಮ್ಮಿನ ಟ್ರೆಡ್‌ಮಿಲ್ ನೆಚ್ಚಿಕೊಳ್ಳಬೇಡಿ, ಬೆಂಗಳೂರಿಂದ ನೂರು ಕಿಲೋಮೀಟರಿನಲ್ಲಿ ಮಧುಗಿರಿ ಇದೆ. ಆ ಏಕಶಿಲಾ ಬೆಟ್ಟದ ಕಡಿದ ಮೆಟ್ಟಿಲನ್ನು ಮೂರು ವಾರ, ಬೆಳಿಗ್ಗೆ ಬಿಸಿಲೇರೋ ಮುಂಚೆ ಹತ್ತಿ ಇಳಿದು ನೋಡಿ. ಇಳಿಯುವಾಗ ಮೊಣಕಾಲು ಏನು ಹೇಳುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.

ಇದನ್ನು ಅತಿ ಅಂತೀರಾ? 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ 9 ಮಂದಿ ಚಾರಣಿಗರು ಹಿಮಗಾಳಿಗೆ ಸಿಕ್ಕಿ ತೀರಿಹೋದರು. ಅವರಲ್ಲಿ ಪಳಗಿದವರಿದ್ದರು. ಪಳಗಿದವರಿಗೇ ಬೆಟ್ಟ ಹಾಗೆ ಮಾಡಿರುವಾಗ, ಲೀವ್ ಕ್ಯಾಲೆಂಡರ್ ಹಿಡಿದು ಹೊರಟ ನಮಗೆ ಒಂದು ಖಾಲಿ ದಿನ ಭಾರ ಅನ್ನಿಸಬಾರದು.

ಶುಲ್ಕದ ವಿರುದ್ಧ ಒಂದೇ ಒಂದು ಗಟ್ಟಿ ಮಾತಿದೆ, ಅದನ್ನ ಆಫೀಸಿನಲ್ಲಿ ಯಾರೂ ಹೇಳಲ್ಲ. ಅದು ಬಡವರನ್ನು ಹೊರಗಿಡುತ್ತೆ. ನಮ್ಮೂರಿಂದ ವ್ಯಾನು ಮಾಡಿಕೊಂಡು, ಅವಲಕ್ಕಿ, ಚಟ್ನಿಪುಡಿ, ಸೀಮೆಎಣ್ಣೆ ಸ್ಟೋವು ಕಟ್ಟಿಕೊಂಡು ಕಾಶಿಗೆ ಹೋಗಿ ಬಂದ ಅಜ್ಜಿಯರು ಭೂತಾನಿನ ಗುಂಫಾ ನೋಡಬೇಕು ಅಂದರೆ ಆಗಲ್ಲ. ಗಂಡ, ಹೆಂಡತಿ, ಆರರಿಂದ ಹನ್ನೆರಡು ವರ್ಷದೊಳಗಿನ ಎರಡು ಮಕ್ಕಳು, ಮಕ್ಕಳಿಗೆ ಅರ್ಧ ಅಂದರೂ ಆರು ರಾತ್ರಿಗೆ 21,600 ರೂಪಾಯಿ. ಇದು ಅನ್ಯಾಯವೇ, ನಾನು ಒಪ್ತೀನಿ. ಆದರೆ ಆ ಅಜ್ಜಿಯರ ಹೆಸರು ಹೇಳಿಕೊಂಡು ನಮ್ಮ ಸಂಬಳಕ್ಕೆ ರಿಯಾಯಿತಿ ಕೇಳೋದು ಇನ್ನೂ ದೊಡ್ಡ ಅನ್ಯಾಯ. ಆ ದುಡ್ಡು ಹೋಗೋ ಸರ್ಕಾರ ತನ್ನ ಜನಕ್ಕೆ ಶಾಲೆ, ಆಸ್ಪತ್ರೆ ಪುಕ್ಕಟೆ ಕೊಡುತ್ತೆ. ನಮ್ಮ ಬ್ರಂಚಿನ ದುಡ್ಡಿಗೆ ಆ ಗತಿ ಇಲ್ಲ.

ಹಾಗಂತ 'ಜಗತ್ತಿನ ಅತಿ ಸಂತೋಷದ ದೇಶ' ಅನ್ನೋ ಬ್ರೋಶರನ್ನೂ ನಂಬಿ ಹೋಗಬೇಡಿ. 1990ರ ದಶಕದಲ್ಲಿ ದಕ್ಷಿಣ ಭೂತಾನಿನ ನೇಪಾಳಿ ಮಾತಾಡೋ ಸುಮಾರು ಒಂದು ಲಕ್ಷ ಜನ ದೇಶ ಬಿಟ್ಟು ನೇಪಾಳದ ನಿರಾಶ್ರಿತ ಶಿಬಿರ ಸೇರಬೇಕಾಯ್ತು. ಅದನ್ನು ಓದಿಕೊಂಡು ಹೋಗಿ. ಅಲ್ಲಿರೋರೂ ನಮ್ಮ ಹಾಗೇ ಮನುಷ್ಯರು, ನಮ್ಮ ಮನಃಶಾಂತಿಗೆ ಅಂತ ಯಾರೋ ಜೋಡಿಸಿಟ್ಟ ಬೊಂಬೆಗಳಲ್ಲ.

ಕೊನೆಗೆ ಕಾಗದಪತ್ರ. ಭೂತಾನಿಗೆ ನಮಗೆ ವೀಸಾ ಬೇಡ, ಪರ್ಮಿಟ್ ಸಾಕು. ಆದರೆ ಆಧಾರ್ ನಡೆಯಲ್ಲ, ಪ್ಯಾನೂ ನಡೆಯಲ್ಲ, ಡ್ರೈವಿಂಗ್ ಲೈಸೆನ್ಸೂ ನಡೆಯಲ್ಲ. ಕನಿಷ್ಠ ಆರು ತಿಂಗಳು ಅವಧಿ ಉಳಿದಿರೋ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಗಡಿಯಲ್ಲಿ ಗಡಿಯಾರ ಅರ್ಧ ಗಂಟೆ ಮುಂದಿರುತ್ತೆ, ಕಚೇರಿ ಬಾಗಿಲು ಹಾಕೋದು ಅವರ ಗಂಟೆಗೆ. ಅಪ್ಪ ಅಮ್ಮನನ್ನ ಕರೆದುಕೊಂಡು ಹೋಗೋದಾದರೆ ಅವರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಊರಿನ ಓಟಿನ ಕಾರ್ಡು ಟ್ರಂಕಿನಲ್ಲಿ ಭದ್ರವಾಗಿರುತ್ತೆ. ಪರದಾಡೋದು ಓಟಿನ ದಿನ ಲಾಂಗ್ ವೀಕೆಂಡ್ ಅಂತ ಸಕಲೇಶಪುರಕ್ಕೆ ಹೋಗಿದ್ದೋರು.