ಎರಡು ಬೋರ್ಡು, ಒಂದೇ ಗಲ್ಲಾ

ತಂಗಡಗಿಯಲ್ಲಿ ಒಂದು ಬೇಳೆ ಮಿಲ್ಲು ಇದೆ ಎಂದುಕೊಳ್ಳಿ, ಆಳುಗಳು 14. ಮಾಲೀಕರ ಪತ್ನಿಯ ಹೆಸರಿನಲ್ಲಿ ಗೊಬ್ಬರದ ಅಂಗಡಿ, ಅಲ್ಲಿ 9 ಮಂದಿ. ಬಿ.ಕಾಂ. ಓದುವ ಮಗ ಕೇಳುತ್ತಾನೆ: 'ಅಪ್ಪಾ, ನಾವು ಭವಿಷ್ಯನಿಧಿ ಕಟ್ಟಬೇಕಲ್ಲ?' ಉತ್ತರ ಸಿದ್ಧ: 'ಎಲ್ಲೂ 20 ಆಗಿಲ್ಲಲ್ಲೋ!'

20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ವಿನಾಯಿತಿ ಉಂಟು. ಆ ಗೆರೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಆದರೆ ಎಣಿಸುವುದು ಹೇಗೆ? 2011ರ ಎಲ್.ಎನ್. ಗಡೋಡಿಯಾ ಪ್ರಕರಣದಲ್ಲಿ ಕಂಪನಿಗಳು ಎರಡು, ವಿಳಾಸ ಒಂದೇ, ನಿರ್ದೇಶಕರೂ ಅವರೇ, ಒಂದರಿಂದ ಇನ್ನೊಂದಕ್ಕೆ ಸಾಲ ಬೇರೆ. ಸುಪ್ರೀಂ ಕೋರ್ಟು ಎರಡನ್ನೂ ಕೂಡಿಸಿಯೇ ಎಣಿಸಿತು. ಹಾಗೆಂದು ಒಡೆತನ ಒಂದೇ ಎಂಬುದಷ್ಟೇ ಸಾಲದು. 1998ರಲ್ಲಿ ಧರಮ್‌ಸಿ ಮೊರಾರ್ಜಿ ಕಂಪನಿಯ ಅಂಬರನಾಥ ಮತ್ತು ರೋಹಾ ಕಾರ್ಖಾನೆಗಳನ್ನು ಅದೇ ಕೋರ್ಟು ಬೇರೆ ಬೇರೆ ಎಂದಿತ್ತು.

ನಮ್ಮ ಮಾಲೀಕರನ್ನೇ ಕೇಳೋಣ. ಮಿಲ್ಲಿನ ಆಳು ಮಧ್ಯಾಹ್ನ ಅಂಗಡಿಯಲ್ಲಿ ಗೊಬ್ಬರದ ಚೀಲ ಇಳಿಸುತ್ತಾನೆಯೆ? ಶನಿವಾರದ ಪಗಾರ ಒಂದೇ ಗಲ್ಲಾದಿಂದಲೆ? ಹೌದಾದರೆ ಪತ್ನಿಯ ಹೆಸರಿನ ಬೋರ್ಡು ಕಾಯುವುದು ಕಷ್ಟ. ಹಳೆಯ ಬಾಕಿ ಬಡ್ಡಿಸಮೇತ ಬಂದೀತು.

ಮಕ್ಕಳ ಓದಿಗೆ ಭವಿಷ್ಯನಿಧಿಯಿಂದ ಹಣ ತೆಗೆಯಲು ಅವಕಾಶವಿದೆ. ಖಾತೆಯೇ ಇಲ್ಲದ ಆಳಿನ ಮಗಳು, ಬಹುಶಃ ಈ ಹುಡುಗನ ತರಗತಿಯವಳೇ, ಫೀ ಕಟ್ಟಲು ಸಾಲ ಹುಡುಕಬೇಕು.